ಕುಡಿತ ಬಿಟ್ಟವನಿಗೆ ಬೇಕು ಒಂದು ಕಟ್ಟೆ

ಸಿರುಗುಪ್ಪ, ಕುರುಗೋಡು ಭಾಗದಲ್ಲಿ ಸೇವೆಯಲ್ಲಿದ್ದಾಗ ಒಂದು ಸಂಗತಿ ನನ್ನ ಗಮನಕ್ಕೆ ಬಂದಿತ್ತು. ಭತ್ತದ ಹಣ ಕೈಸೇರಿದಾಗ ಕುಡಿತ ಹೆಚ್ಚುತ್ತಿತ್ತು. ಬೆಳೆ ಕೈಕೊಟ್ಟ ವರ್ಷ ಅದು ತಗ್ಗುತ್ತಿರಲಿಲ್ಲ. ಅರ್ಥಶಾಸ್ತ್ರದ ಬೇಡಿಕೆಯ ನಿಯಮಕ್ಕೆ ಸುಲಭವಾಗಿ ಮಣಿಯದ ಸರಕು ಅದು. ಚಿಕಿತ್ಸೆ ಪಡೆದು ಊರಿಗೆ ಮರಳಿದವರೂ ಕೆಲವೇ ತಿಂಗಳಲ್ಲಿ ಮತ್ತೆ ಅಂಗಡಿಯ ಮುಂದೆ ಕಾಣುತ್ತಿದ್ದರು. ಸಂಜೆ ಹೊತ್ತು ಅವರನ್ನು ಕರೆದು ಕೂರಿಸುತ್ತಿದ್ದವರು ಹಳೆಯ ಕುಡಿತದ ಗೆಳೆಯರು ಮಾತ್ರ. ಈ ಒಂಟಿತನದ ಮರ್ಮವನ್ನು ತನ್ನ ಬದುಕಿನಿಂದಲೇ ಅರಿತವನು ಅಮೆರಿಕದ ಬಿಲ್ ವಿಲ್ಸನ್.

ಆತ ಹುಟ್ಟಿದ್ದು 1895ರಲ್ಲಿ, ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ. ತಂದೆತಾಯಿ ಬೇರೆಯಾದ ಮೇಲೆ ತಾಯಿಯ ತವರಿನಲ್ಲಿ ಬೆಳೆದ. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನಾಧಿಕಾರಿಯಾಗಿದ್ದಾಗ ಮದ್ಯದ ರುಚಿ ಹತ್ತಿತು. ಮುಂದೆ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಕಂಪನಿಗಳ ವಿಶ್ಲೇಷಕನಾಗಿ ಹೆಸರು ಮಾಡಿದ. 1929ರ ಕುಸಿತದಲ್ಲಿ ಹಣ ಹೋಯಿತು, ಕುಡಿತ ಉಳಿಯಿತು. ಪತ್ನಿ ಲೋಯಿಸ್ ಅಂಗಡಿಯಲ್ಲಿ ದುಡಿದು ಸಂಸಾರ ತೂಗಿಸಿದಳು.

1934ರ ಡಿಸೆಂಬರಿನಲ್ಲಿ ಆತ ಮತ್ತೊಮ್ಮೆ ಆಸ್ಪತ್ರೆ ಸೇರಿದ. ಕುಡಿತ ನೀತಿಗೇಡಲ್ಲ, ಕಾಯಿಲೆ ಎಂದು ಅಲ್ಲಿನ ವೈದ್ಯ ಸಿಲ್ಕ್‌ವರ್ತ್ ತಿಳಿಹೇಳಿದ್ದರು. ಅಂದಿನಿಂದ ವಿಲ್ಸನ್ ಮದ್ಯ ಮುಟ್ಟಲಿಲ್ಲ. ಆದರೆ ನಿಜವಾದ ಪರೀಕ್ಷೆ ಎದುರಾದದ್ದು 1935ರ ಮೇ ತಿಂಗಳಲ್ಲಿ, ಆಕ್ರನ್ ನಗರದಲ್ಲಿ. ವ್ಯವಹಾರ ಮುರಿದು, ಹೋಟೆಲಿನ ಮೊಗಸಾಲೆಯಲ್ಲಿ ಒಬ್ಬನೇ ನಿಂತಿದ್ದ. ಪಕ್ಕದಲ್ಲೇ ಬಾರ್. ಆತ ಅತ್ತ ಹೋಗದೆ ದೂರವಾಣಿಯತ್ತ ನಡೆದ. ಚರ್ಚುಗಳಿಗೆ ಕರೆ ಮಾಡಿ, ತನ್ನಂತೆಯೇ ನರಳುತ್ತಿರುವ ಮತ್ತೊಬ್ಬ ಕುಡುಕನನ್ನು ಹುಡುಕಿದ. ಹಾಗೆ ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಇಬ್ಬರೂ ಗಂಟೆಗಟ್ಟಲೆ ಮಾತನಾಡಿದರು. ಉಪದೇಶ ಮಾಡದೆ ತನ್ನ ಕಥೆಯನ್ನಷ್ಟೇ ಹೇಳಿಕೊಂಡದ್ದರಿಂದ ಹೇಳಿದವನೂ ಉಳಿದ, ಕೇಳಿದವನೂ ಉಳಿದ. ಜೂನ್ 10ರಂದು ಸ್ಮಿತ್ ಕೊನೆಯ ಬಾರಿ ಕುಡಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟುದಿನವೆಂದು ಎಣಿಸುವುದು ಅದನ್ನೇ.

ಆ ಕೂಟಕ್ಕೆ ಶುಲ್ಕವಿಲ್ಲ, ಹೆಸರು ಹೇಳಬೇಕಿಲ್ಲ. ಕುಡಿತ ಬಿಡುವ ಆಸೆಯೊಂದೇ ಅರ್ಹತೆ. ಕುಡುಕರ ಮನೆಯವರಿಗಾಗಿ ಲೋಯಿಸ್ 1951ರಲ್ಲಿ ಅಲ್-ಅನಾನ್ ಕಟ್ಟಲು ನೆರವಾದಳು. ವಿಲ್ಸನ್ ಸಂತನೇನಲ್ಲ. ವರ್ಷಗಟ್ಟಲೆ ಖಿನ್ನತೆ ಕಾಡಿತು. ಸಿಗರೇಟಿನ ಚಟದಿಂದ ಶ್ವಾಸಕೋಶ ಕೆಟ್ಟು 1971ರ ಜನವರಿ 24ರಂದು ತೀರಿಕೊಂಡ. ಆದರೂ 36 ವರ್ಷ ಮದ್ಯದಿಂದ ದೂರವಿದ್ದ.

ನಮ್ಮ ನೆಲಕ್ಕೂ ಈ ವಿವೇಕ ಹೊರಗಿನದಲ್ಲ. ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಪಾನನಿಷೇಧವನ್ನು ಕಂಡಿತು. 2007ರಲ್ಲಿ ರಾಜ್ಯವೇ ಸಾರಾಯಿ ನಿಷೇಧಿಸಿತು. ಪೂರೈಕೆ ತಡೆದರೂ ಬಾಟಲಿ ಬೇರೆ ದಾರಿ ಹಿಡಿಯಿತು. ಅಬಕಾರಿ ಆದಾಯದ ಲೆಕ್ಕವನ್ನು ಸರ್ಕಾರ ತಪ್ಪದೆ ಇಡುತ್ತದೆ; ಕುಡಿತ ಬಿಟ್ಟು ಬಂದವನು ಸಂಜೆ ಎಲ್ಲಿ ಕೂರುತ್ತಾನೆಂಬ ಲೆಕ್ಕ ಯಾರ ಕಡತದಲ್ಲೂ ಇಲ್ಲ. ಬಳ್ಳಾರಿಯ ವಾರ್ಡುಗಳಲ್ಲಿ, ಸಿರುಗುಪ್ಪ, ಕುರುಗೋಡಿನ ಸಮುದಾಯ ಭವನಗಳಲ್ಲಿ ವಾರಕ್ಕೆರಡು ಸಂಜೆ ಒಂದು ಕೊಠಡಿಯನ್ನು ಇಂಥವರಿಗೆ ಬಿಟ್ಟುಕೊಟ್ಟರೆ ಬೊಕ್ಕಸಕ್ಕೆ ತಗಲುವ ವೆಚ್ಚ ಒಂದಿಷ್ಟು ವಿದ್ಯುತ್ ಮಾತ್ರ.