ವೈದ್ಯರ ಹೆಸರಿದ್ದರೆ ಸಾಕೇ? ಔಷಧ ಜಾಹೀರಾತಿನ ದಿಕ್ಕು ಬದಲಿಸಿದ ಆರ್ಥರ್ ಸ್ಯಾಕ್ಲರ್ ಕಥೆ

ಪಡೀಲ್‌ನಿಂದ ಪಂಪ್‌ವೆಲ್, ಕಂಕನಾಡಿವರೆಗೆ ಯಾವ ಕ್ಲಿನಿಕ್‌ಗೆ ಹೋದರೂ ರೋಗಿಗಳ ನಡುವೆ ಬ್ಯಾಗ್ ಹಿಡಿದು ಕಾಯುವ ಮೆಡಿಕಲ್ ರೆಪ್‌ಗಳು ಕಾಣಸಿಗುತ್ತಾರೆ. ವೈದ್ಯರ ಬಳಿ ಅವರಿಗೆ ಸಿಗುವುದು ಒಂದೆರಡು ನಿಮಿಷ ಅಷ್ಟೆ. ಅಷ್ಟರಲ್ಲೇ ಬಣ್ಣದ ಬ್ರೋಷರ್ ಅಥವಾ ಟ್ಯಾಬ್ ತೋರಿಸಿ ಹೊಸ ಔಷಧದ ಬಗ್ಗೆ ಹೇಳಿ ಮುಗಿಸಬೇಕು. ಇಂಥ ಬ್ರೋಷರ್‌ನ ಫೋಟೊ ಕೆಲವೊಮ್ಮೆ ವಾಟ್ಸ್‌ಆ್ಯಪ್‌ಗೂ ಬರುತ್ತದೆ. ಅದನ್ನು ಎಷ್ಟು ನಂಬಬೇಕು? ಉತ್ತರ ಹುಡುಕಲು ನಾವು ಆರ್ಥರ್ ಸ್ಯಾಕ್ಲರ್ ಅವರ ಬದುಕನ್ನು ನೋಡೋಣ.

ಸ್ಯಾಕ್ಲರ್ ಹುಟ್ಟಿದ್ದು 1913ರಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ವಲಸೆ ಬಂದ ದಂಪತಿಯ ಮಗ. ಓದಿನ ಖರ್ಚಿಗೆ ಜಾಹೀರಾತು ಬರೆಯುತ್ತಲೇ ವೈದ್ಯರಾದರು, ಮನೋವೈದ್ಯರಾಗಿ ಕೆಲಸ ಮಾಡಿದರು. 1940ರ ದಶಕದಲ್ಲಿ ಮ್ಯಾಕ್‌ಆ್ಯಡಮ್ಸ್ ಎಂಬ ಜಾಹೀರಾತು ಸಂಸ್ಥೆ ಸೇರಿ, ಮುಂದೆ ಅದರ ಮಾಲೀಕರೂ ಆದರು.

ಅವರ ಲೆಕ್ಕಾಚಾರ ಸರಳ. ಚೀಟಿ ಬರೆಯುವುದು ವೈದ್ಯರು, ಹಾಗಾಗಿ ಒಪ್ಪಿಸಬೇಕಾದ್ದು ಅವರನ್ನೇ. ವೈದ್ಯರು ನಂಬುವುದು ಇನ್ನೊಬ್ಬ ವೈದ್ಯರನ್ನು. 1950ರಲ್ಲಿ ಫೈಜರ್ ಕಂಪನಿಯ ಟೆರಾಮೈಸಿನ್ ಬಂದಾಗ ವೈದ್ಯಕೀಯ ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು, ವೈದ್ಯರ ವಿಳಾಸಕ್ಕೆ ಅಂಚೆ, ಕ್ಲಿನಿಕ್‌ಗೆ ರೆಪ್‌ಗಳ ಭೇಟಿ, ಎಲ್ಲವೂ ಒಟ್ಟಿಗೆ ನಡೆದವು. ಔಷಧ ಭಾರಿ ಮಾರಾಟವಾಯಿತು.

ಎಡವಟ್ಟಾಗಿದ್ದು ಸಿಗ್ಮಾಮೈಸಿನ್ ಎಂಬ ಔಷಧದ ಪ್ರಚಾರದಲ್ಲಿ. ಅವರ ಸಂಸ್ಥೆ ರೂಪಿಸಿದ ಆ ಜಾಹೀರಾತಿನಲ್ಲಿ ಎಂಟು ವೈದ್ಯರ ವಿಸಿಟಿಂಗ್ ಕಾರ್ಡ್‌ಗಳ ಚಿತ್ರವಿತ್ತು. ಪತ್ರಕರ್ತ ಜಾನ್ ಲಿಯರ್ ಆ ವಿಳಾಸಗಳ ಬೆನ್ನು ಹತ್ತಿದರು. ಅಲ್ಲಿ ಅಂಥ ವೈದ್ಯರೇ ಇರಲಿಲ್ಲ! 1959ರಲ್ಲಿ ಅವರ ವರದಿ ಪ್ರಕಟವಾಯಿತು. 1962ರಲ್ಲಿ ಸ್ಯಾಕ್ಲರ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹಾಜರಾಗಿ ತಮ್ಮ ಉದ್ಯಮವನ್ನು ಸಮರ್ಥಿಸಿಕೊಂಡರು. ಅದೇ ವರ್ಷ ಹೊಸ ಕಾನೂನು ಬಂತು. ಔಷಧ ಕೆಲಸ ಮಾಡುತ್ತದೆಂದು ಕಂಪನಿ ಸಾಬೀತುಪಡಿಸಬೇಕು, ವೈದ್ಯರಿಗೆ ತೋರಿಸುವ ಜಾಹೀರಾತಿನಲ್ಲಿ ಅಡ್ಡಪರಿಣಾಮವನ್ನೂ ಹೇಳಬೇಕು ಎಂದಾಯಿತು.

ಸ್ಯಾಕ್ಲರ್ ಅಲ್ಲಿಗೇ ನಿಲ್ಲಲಿಲ್ಲ. 1963ರಲ್ಲಿ ಬಂದ ವ್ಯಾಲಿಯಂ ಮಾತ್ರೆಯ ಪ್ರಚಾರವನ್ನೂ ಅವರ ಸಂಸ್ಥೆಯೇ ಮಾಡಿತು. 1987ರಲ್ಲಿ ಅವರು ತೀರಿಕೊಂಡರು. ಆಕ್ಸಿಕಾಂಟಿನ್ ಎಂಬ ವಿವಾದಿತ ನೋವಿನ ಮಾತ್ರೆಯನ್ನೂ ಅವರೇ ಮಾರಿದರು ಎಂಬ ಮಾತಿದೆ. ಇದು ತಪ್ಪು. ಸಹೋದರರ ಕುಟುಂಬಗಳ ಒಡೆತನದ ಪರ್ಡ್ಯೂ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1996ರಲ್ಲಿ. ಆದರೆ ವೈದ್ಯರನ್ನು ಒಲಿಸುವ ದಾರಿ ಹಾಕಿಕೊಟ್ಟವರು ಆರ್ಥರ್ ಎಂಬ ಟೀಕೆ ಇಂದಿಗೂ ಇದೆ.

ಬ್ರೋಷರ್ ಎಂದರೆ ಮೋಸವೇ? ಖಂಡಿತ ಅಲ್ಲ. ಡೋಸ್, ಅಡ್ಡಪರಿಣಾಮ, ಯಾರು ತೆಗೆದುಕೊಳ್ಳಬಾರದು ಎಂಬುದನ್ನೆಲ್ಲ ನೇರವಾಗಿ ಹೇಳುವ ಬ್ರೋಷರ್ ವೈದ್ಯರ ಸಮಯ ಉಳಿಸುತ್ತದೆ, ರೆಪ್ ಮೇಲಿನ ನಂಬಿಕೆಯನ್ನೂ ಹೆಚ್ಚಿಸುತ್ತದೆ. ಭಾರತದಲ್ಲಿ 2024ರ ಮಾರ್ಚ್‌ನಲ್ಲಿ ಬಂದ ಔಷಧ ಮಾರಾಟ ಸಂಹಿತೆಯ ಪ್ರಕಾರ, ಔಷಧಕ್ಕೆ ಅಡ್ಡಪರಿಣಾಮವೇ ಇಲ್ಲ ಎಂದು ಹೇಳುವಂತಿಲ್ಲ. ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇಲ್ಲಿ ಸಿಗುತ್ತಿರುವ ಔಷಧವನ್ನು ಹೊಸದು ಎನ್ನುವಂತಿಲ್ಲ. ಕಾಗದದ ಬ್ರೋಷರ್‌ಗೂ ಟ್ಯಾಬ್‌ನ ಪರದೆಗೂ ನಿಯಮ ಒಂದೇ.

ಹಾಗಾಗಿ ಔಷಧದ ಚಿತ್ರ ಫಾರ್ವರ್ಡ್ ಆಗಿ ಬಂದರೆ ಮೂರು ವಿಷಯ ನೋಡಿ:

1. ಹೆಸರಿಸಿದ ವೈದ್ಯರು ನಿಜಕ್ಕೂ ಇದ್ದಾರೆಯೇ, ಆ ಮಾತು ಹೇಳಿದ್ದಾರೆಯೇ?
2. ಅಡ್ಡಪರಿಣಾಮದ ಬಗ್ಗೆ ಏನಾದರೂ ಬರೆದಿದೆಯೇ?
3. ಅದು ವೈದ್ಯರಿಗಾಗಿ ಮಾಡಿದ್ದೋ, ರೋಗಿಗಾಗಿ ಮಾಡಿದ್ದೋ?

ಉತ್ತರ ಸಿಗದಿದ್ದರೆ ಮುಂದೆ ಕಳಿಸಬೇಡಿ. ಔಷಧ ಬೇಕೋ ಬೇಡವೋ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರನ್ನೇ ಕೇಳಿ.