ಪ್ಲಗ್‌ನ ಕಿಡಿ ಹಿಂದಿನ ಮನುಷ್ಯ: ಮೆಕ್ಯಾನಿಕ್ ಹುಡುಗ ರಾಬರ್ಟ್ ಬಾಷ್ ಬೆಳೆದ ದಾರಿ

ಶಿಗ್ಗಾಂವ: ಹಳೇ ಫಿಯಟ್, ಅಂಬಾಸಿಡರ್ ಮಿಸ್ ಹೊಡೆಯಲು ಶುರು ಮಾಡಿದರೆ ಬಹಳ ಮಂದಿ ಮೊದಲು ಕೈ ಹಾಕೋದು ಕಾರ್ಬುರೇಟರ್‌ಗೆ. ನುರಿತ ಮೇಸ್ತ್ರಿ ಮಾತ್ರ ಮೊದಲು ಪ್ಲಗ್ ಬಿಚ್ಚಿ ಕಿಡಿ ನೋಡುತ್ತಾನೆ. ಆ ಪ್ಲಗ್ ಮೇಲೆ ನಮ್ಮ ಗ್ಯಾರೇಜ್‌ನವರು, ಸ್ಪೇರ್ ಪಾರ್ಟ್ಸ್ ಅಂಗಡಿಯವರು ವರ್ಷಗಟ್ಟಲೆ ಓದಿದ ಹೆಸರು ಮೈಕೋ. ಆ ಕಂಪನಿಯ ಮೂಲ ಇರೋದು ಜರ್ಮನಿಯ ರಾಬರ್ಟ್ ಬಾಷ್ ಅವರ ಸಣ್ಣದೊಂದು ವರ್ಕ್‌ಶಾಪ್‌ನಲ್ಲಿ.

ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ಉಲ್ಮ್ ಪಟ್ಟಣದ ಹತ್ತಿರದ ಆಲ್ಬೆಕ್ ಹಳ್ಳಿಯಲ್ಲಿ. 12 ಮಕ್ಕಳಲ್ಲಿ 11ನೆಯವರು. ತಂದೆಗೆ ಹೊಲವಿತ್ತು, ಜೊತೆಗೆ ದಾರಿಹೋಕರಿಗೆ ಊಟ, ವಸತಿ ಕೊಡುವ ಖಾನಾವಳಿಯೂ ಇತ್ತು. ಹುಡುಗ ಉಲ್ಮ್‌ನಲ್ಲಿ ಮೆಕ್ಯಾನಿಕ್ ಕೆಲಸ ಕಲಿಯಲು ಸೇರಿದ. ಆದರೆ ಮಾಲೀಕ ಸರಿಯಾಗಿ ಕಲಿಸಲಿಲ್ಲ. ಆ ಕೊರಗು ಬಾಷ್ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮುಂದೆ ಅಮೆರಿಕದಲ್ಲಿ ಎಡಿಸನ್ ಕಂಪನಿಯಲ್ಲಿ, ಇಂಗ್ಲೆಂಡ್‌ನಲ್ಲಿ ಸೀಮೆನ್ಸ್‌ನಲ್ಲಿ ದುಡಿದು ಕೈ ಪಳಗಿಸಿಕೊಂಡರು.

1886ರ ನವೆಂಬರ್ 15ರಂದು ಸ್ಟಟ್‌ಗಾರ್ಟ್ ನಗರದಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು. ಜೊತೆಗಿದ್ದವರು ಒಬ್ಬ ಮೆಕ್ಯಾನಿಕ್, ಓಡಾಟಕ್ಕೆ ಒಬ್ಬ ಹುಡುಗ, ಅಷ್ಟೇ. ಮರುವರ್ಷ ಗಿರಾಕಿಯೊಬ್ಬರ ಬೇಡಿಕೆಯಂತೆ, ನಿಂತಲ್ಲೇ ಓಡುವ ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ ಮಾಡಿಕೊಟ್ಟರು. 1897ರಲ್ಲಿ ಅದನ್ನು ಸುಧಾರಿಸಿ ಮೂರು ಗಾಲಿಯ ಮೋಟಾರ್ ಗಾಡಿಗೆ ಕೂಡಿಸಿದರು. 1902ರಲ್ಲಿ ಅವರ ಎಂಜಿನಿಯರ್ ಗಾಟ್ಲೋಬ್ ಹೊನಾಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ತಯಾರಿಸಿದರು. 1903ರಲ್ಲಿ ಐರ್ಲೆಂಡ್‌ನ ಗಾರ್ಡನ್ ಬೆನೆಟ್ ರೇಸ್ ಗೆದ್ದ ಮರ್ಸಿಡಿಸ್ ಕಾರಿನಲ್ಲಿ ಇದ್ದದ್ದು ಬಾಷ್ ಮ್ಯಾಗ್ನೆಟೊ. ಅಲ್ಲಿಂದ ಹೆಸರು ದೇಶದೇಶ ದಾಟಿತು.

ಇವತ್ತಿಗೂ ಹಳೇ ಪೆಟ್ರೋಲ್ ಗಾಡಿಯ ತಪಾಸಣೆ ಕಿಡಿಯಿಂದಲೇ ಶುರು. ಎಂಜಿನ್ ಓಡುವಾಗ ರಬ್ಬರ್ ಹಿಡಿಯ ಪಕ್ಕಡದಿಂದ ಪ್ಲಗ್ ವೈರ್‌ಗಳನ್ನು ಒಂದೊಂದಾಗಿ ತೆಗೆದು ಹಾಕಬೇಕು. ಯಾವುದನ್ನು ತೆಗೆದಾಗ ಸದ್ದು ಬದಲಾಗೋದಿಲ್ಲವೋ ಆ ಸಿಲಿಂಡರ್ ದುಡೀತಿಲ್ಲ ಅಂತ ಅರ್ಥ. ಎಂಜಿನ್ ಆರಿಸಿ ಆ ಪ್ಲಗ್ ಬಿಚ್ಚಿದರೆ ಅದರ ಮೂತಿಯೇ ಅರ್ಧ ಕಥೆ ಹೇಳುತ್ತದೆ. ಚಹಾ ಬಣ್ಣವಿದ್ದರೆ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬಿಳಿಚಿದ್ದರೆ ಗಾಳಿ ಜಾಸ್ತಿ. ಪೆಟ್ರೋಲ್‌ನಿಂದ ಒದ್ದೆಯಾಗಿದ್ದರೆ ಕಿಡಿ ಮೇಲೆ ಅನುಮಾನ. ಆಗ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಪಾಯಿಂಟ್, ಕಂಡೆನ್ಸರ್ ನೋಡಬೇಕು. ಇವೆಲ್ಲ ನೆಟ್ಟಗಿದ್ದರೆ ಮಾತ್ರ ಕಾರ್ಬುರೇಟರ್ ಸರದಿ. ಈ ಕ್ರಮ ತಪ್ಪಿದರೆ ಗಿರಾಕಿಯ ದುಡ್ಡೂ ಹೋಯ್ತು, ಮೇಸ್ತ್ರಿಯ ದಿನವೂ ಹೋಯ್ತು.

ದುಡ್ಡು ಬಂದ ಮೇಲೆ ಬಾಷ್ ಕೆಲಸಗಾರರನ್ನು ಮರೆಯಲಿಲ್ಲ. 1906ರಲ್ಲೇ ದಿನಕ್ಕೆ 8 ಗಂಟೆಯ ಕೆಲಸ ಜಾರಿಗೆ ತಂದರು. 1913ರಲ್ಲಿ ಕೆಲಸ ಕಲಿಯುವ ಹುಡುಗರಿಗಾಗಿಯೇ ಕಾರ್ಖಾನೆಯಲ್ಲಿ ಪ್ರತ್ಯೇಕ ತರಬೇತಿ ವಿಭಾಗ ತೆರೆದರು. ತಮಗೆ ಉಲ್ಮ್‌ನಲ್ಲಿ ಸಿಗದಿದ್ದದ್ದು ಇವರಿಗೆ ಸಿಕ್ಕಿತು. 1940ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಅವರ ಹೆಸರಿನ ಆಸ್ಪತ್ರೆ ಶುರುವಾಯಿತು. ಕಪ್ಪು ಪುಟವೂ ಇದೆ: ಎರಡನೇ ಮಹಾಯುದ್ಧದಲ್ಲಿ ಅವರ ಕಂಪನಿ ಹಿಟ್ಲರ್ ಸರ್ಕಾರಕ್ಕೆ ಯುದ್ಧದ ಸಾಮಾನು ಮಾಡಿತು, ಬಲವಂತದಿಂದ ತಂದ ಜನರನ್ನು ದುಡಿಸಿತು. ಅದೇ ಕಾಲದಲ್ಲಿ ಬಾಷ್ ಮತ್ತು ಅವರ ಆಪ್ತರು ಯಹೂದಿಗಳಿಗೆ ಗುಟ್ಟಾಗಿ ನೆರವಾದರು.

1942ರ ಮಾರ್ಚ್ 12ರಂದು ಬಾಷ್ ತೀರಿಕೊಂಡರು. 1951ರಲ್ಲಿ ಭಾರತದಲ್ಲಿ ಮೈಕೋ ಹುಟ್ಟಿತು. ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆ ನಾಡಿಗೆಲ್ಲ ಗೊತ್ತಾಯಿತು. 2008ರಲ್ಲಿ ಮೈಕೋ ಹೆಸರು ಹೋಗಿ ಬಾಷ್ ಲಿಮಿಟೆಡ್ ಆಯಿತು. ನಮ್ಮ ತಾಲ್ಲೂಕಿನ ಗ್ಯಾರೇಜ್‌ಗಳಲ್ಲೂ ಸ್ಪ್ಯಾನರ್ ಹಿಡಿದ ಹುಡುಗರಿದ್ದಾರೆ. ಪ್ಲಗ್ ಒರೆಸಲು ಹೇಳುವಾಗ ಅದರ ಬಣ್ಣ ಓದೋದನ್ನೂ ಮೇಸ್ತ್ರಿ ಹೇಳಿಕೊಟ್ಟರೆ ಆ ಹುಡುಗ ನಾಳೆ ತಾನೇ ಒಂದು ಗ್ಯಾರೇಜ್ ಇಟ್ಟಾನು.