ದೇವರ ಹೆಸರನ್ನು ಧ್ಯಾನಿಸಿದ ಸಂತ ಜೆರೋಮ್

ಪ್ರತಿವರ್ಷ ಸೆಪ್ಟೆಂಬರ್ 30ರಂದು ನಾವು ಸಂತ ಜೆರೋಮ್ ಅವರ ಹಬ್ಬವನ್ನು ಆಚರಿಸುತ್ತೇವೆ. ಬೈಬಲನ್ನು ಲತೀನ್ ಭಾಷೆಗೆ ತಂದ ವಿದ್ವಾಂಸರೆಂದು ಅವರನ್ನು ಎಲ್ಲರೂ ಬಲ್ಲೆವು. ಆದರೆ ಮೋಶೆಗೆ ಪ್ರಕಟವಾದ ದೇವರ ಹೆಸರಿಗೂ ಪವಿತ್ರ ತ್ರಿತ್ವಕ್ಕೂ ಇರುವ ನಂಟನ್ನು ಅವರು ಬಾಳಿನುದ್ದಕ್ಕೂ ಧ್ಯಾನಿಸಿದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಕ್ರಿ.ಶ. 347ರ ಸುಮಾರಿಗೆ ಸ್ಟ್ರಿಡೋನಿನಲ್ಲಿ ಹುಟ್ಟಿದ ಜೆರೋಮ್ ರೋಮಿನಲ್ಲಿ ಓದಿ, ಅಲ್ಲಿಯೇ ಸ್ನಾನದೀಕ್ಷೆ ಪಡೆದರು. ಮುಂದೆ ಸಿರಿಯಾದ ಕಾಲ್ಸಿಸ್ ಮರುಭೂಮಿಗೆ ಹೋಗಿ ತಪಸ್ಸಿನಲ್ಲಿ ತೊಡಗಿದರು. ಚಂಚಲ ಮನಸ್ಸನ್ನು ಹಿಡಿತಕ್ಕೆ ತರಲು, ಕ್ರೈಸ್ತನಾಗಿದ್ದ ಒಬ್ಬ ಯೆಹೂದ್ಯನಿಂದ ಹೀಬ್ರೂ ಕಲಿತರು.

ಆ ಏಕಾಂತದಲ್ಲೂ ನೆಮ್ಮದಿ ಸಿಗಲಿಲ್ಲ. ದೇವರಲ್ಲಿ ಮೂರು 'ಹುಪೊಸ್ತಾಸಿಸ್' ಇವೆಯೆಂದು ಒಪ್ಪಿಕೊಳ್ಳುವಂತೆ ಅಲ್ಲಿನ ಸನ್ಯಾಸಿಗಳು ಒತ್ತಾಯಿಸಿದರು. ಗ್ರೀಕರಲ್ಲಿ ಅನೇಕರು ಆ ಪದದಿಂದ ಮೂವರು ವ್ಯಕ್ತಿಗಳನ್ನು ಸೂಚಿಸುತ್ತಿದ್ದರು. ಲತೀನ್ ಬಲ್ಲವರ ಕಿವಿಗೆ ಅದು ಮೂರು ಬೇರೆ ದೈವಸ್ವರೂಪಗಳೆಂದು ಕೇಳಿಸುತ್ತಿತ್ತು. ಕಳವಳಗೊಂಡ ಜೆರೋಮ್ ಜಗದ್ಗುರು ದಮಾಸುಸ್ ಅವರಿಗೆ ಪತ್ರ ಬರೆದರು. ಉರಿಯುವ ಪೊದೆಯಿಂದ ದೇವರು ತಾವು ಇರುವಾತನೆಂದು ಮೋಶೆಗೆ ತಿಳಿಸಿದ್ದನ್ನು ಅದರಲ್ಲಿ ನೆನಪಿಸಿದರು. ತನ್ನಿಂದ ತಾನೇ ಇರುವಾತ ದೇವರೊಬ್ಬರೇ. ಆದ್ದರಿಂದ ವ್ಯಕ್ತಿಗಳು ಮೂವರು, ದೈವಸ್ವರೂಪ ಒಂದೇ. ಇದು ಅವರ ವಾದ.

382ರಲ್ಲಿ ರೋಮಿಗೆ ಮರಳಿದ ಅವರು ದಮಾಸುಸ್ ಅವರ ಕಾರ್ಯದರ್ಶಿಯಾದರು. ಆಗ ಮಾರ್ಸೆಲ್ಲಾ ಎಂಬ ಭಕ್ತೆಗೆ ದೇವರ ಹತ್ತು ಹೀಬ್ರೂ ಹೆಸರುಗಳನ್ನು ವಿವರಿಸಿ ಬರೆದರು. ಅವುಗಳಲ್ಲೊಂದು ನಾಲ್ಕು ಅಕ್ಷರಗಳ, ಉಚ್ಚರಿಸಲಾಗದ ನಾಮ. ಯೆಹೂದ್ಯರು ಅದರ ಬದಲು 'ಅದೋನಾಯ್' ಎಂದು ಓದುತ್ತಿದ್ದರು. ಗ್ರೀಕ್ ಬೈಬಲಿನಲ್ಲಿ ಅದು 'ಕೂರಿಯೋಸ್', ಅಂದರೆ ಪ್ರಭು. ಜೆರೋಮ್ ಲತೀನಿನಲ್ಲಿ 'ದೋಮಿನುಸ್' ಎಂದರು. ಪ್ರೇಷಿತರು ಯೇಸುವನ್ನು ಕರೆದದ್ದೂ ಇದೇ ಪ್ರಭು ಎಂಬ ಪದದಿಂದ. ಪ್ರಭುವಿನ ನಾಮವನ್ನು ಕೂಗುವವರು ಉದ್ಧಾರವಾಗುವರೆಂಬ ಯೋವೇಲನ ಪ್ರವಾದನೆಯನ್ನು ಸಂತ ಪೌಲರು ಯೇಸುವಿಗೇ ಅನ್ವಯಿಸಿದರು. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ವಿಶ್ವಾಸ ಸಂಗ್ರಹ ಪವಿತ್ರಾತ್ಮರನ್ನೂ ಪ್ರಭುವೆಂದೇ ಸಾರುತ್ತದೆ.

ಜೆರೋಮ್ ಅವರ ನಾಲಿಗೆ ಹರಿತ. ದಮಾಸುಸ್ ತೀರಿಕೊಂಡ ಬಳಿಕ, 385ರಲ್ಲಿ ರೋಮನ್ನು ಬಿಟ್ಟು ಬೆತ್ಲೆಹೇಮಿನತ್ತ ನಡೆದರು. ಅಲ್ಲಿ ರಾತ್ರಿ ಹೊತ್ತು ಯೆಹೂದ್ಯ ಗುರುವಿನಿಂದ ಪಾಠ ಕಲಿತು, ಹಳೆಯ ಒಡಂಬಡಿಕೆಯನ್ನು ಮೂಲ ಹೀಬ್ರೂವಿನಿಂದಲೇ ಅನುವಾದಿಸಿದರು. ಇದರಿಂದ ಜನ ಗೊಂದಲಗೊಂಡಾರೆಂದು ಸಂತ ಅಗಸ್ಟೀನರೇ ಆತಂಕಪಟ್ಟರು. ಜೆರೋಮ್ ಹಿಂಜರಿಯಲಿಲ್ಲ. 398ರಲ್ಲಿ ಮತ್ತಾಯನ ಶುಭಸಂದೇಶಕ್ಕೆ ವ್ಯಾಖ್ಯಾನ ಬರೆದಾಗ, ಸ್ನಾನದೀಕ್ಷೆಯ ಆಜ್ಞೆಯನ್ನು ವಿವರಿಸುತ್ತಾ, ತ್ರಿತ್ವದ ನಾಮವು ಒಬ್ಬರೇ ದೇವರು ಎಂದು ಸಾರಿದರು. 420ರಲ್ಲಿ ಬೆತ್ಲೆಹೇಮಿನಲ್ಲೇ ಕಣ್ಮುಚ್ಚಿದರು.

ಪೂಜಾವಿಧಿಯ ಗೀತೆ, ಪ್ರಾರ್ಥನೆಗಳಲ್ಲಿ ಆ ನಾಲ್ಕಕ್ಷರದ ನಾಮವನ್ನು ಉಚ್ಚರಿಸಬಾರದೆಂದು ವ್ಯಾಟಿಕನ್ 2008ರಲ್ಲಿ ಸೂಚಿಸಿತು. ಗಾಯನ ವೃಂದದವರು ಇದನ್ನು ಬರೀ ನಿಯಮವೆಂದು ತಿಳಿಯಬಾರದು. ನಮ್ಮ ಕನ್ನಡ ಬೈಬಲಿನಲ್ಲಿ ಸರ್ವೇಶ್ವರ ಎಂದು ಓದುವಾಗಲೂ ನಾವು ಇದೇ ಪರಂಪರೆಯಲ್ಲಿ ನಡೆಯುತ್ತೇವೆ. ಶಿಲುಬೆಯ ಗುರುತು ಹಾಕುವಾಗ ನಾವು ಹೇಳುವುದು ನಾಮಗಳಲ್ಲಿ ಎಂದಲ್ಲ, ನಾಮದಲ್ಲಿ ಎಂದು. ಮುಂದಿನ ಸಲ ಅವಸರ ಬಿಟ್ಟು ಆ ಒಂದು ಪದದ ಬಳಿ ಕ್ಷಣಕಾಲ ನಿಲ್ಲೋಣ.